ವಕೀಲರ ಗೌನು ತೊಟ್ಟ ರಕ್ತಪಿಶಾಚಿಗೆ

ಉಸ್ತಾದ್,

ನಿಮ್ಮ ಹೊಲಿಗೆ ಅಂಗಡಿಯಲ್ಲಿ ನಾವು ಮೊದಲ ಸಲ ಜಗಳವಾಡಿದ ಮಧ್ಯಾಹ್ನ ನೆನಪಿದೆಯೇ? ಮಶೀನಿಗೆ ಮೊಬೈಲ್ ಆನಿಸಿಟ್ಟುಕೊಂಡು ನೀವು ತೆಲುಗಿಗೆ ಡಬ್ ಆದ ಯಾವುದೋ ಅಗ್ಗದ ಸಿನಿಮಾ ನೋಡುತ್ತಿದ್ದಿರಿ. ಅದರಲ್ಲಿ ರಕ್ತಪಿಶಾಚಿ ಪೆಟ್ಟಿಗೆಯಿಂದ ಎದ್ದ; ಕಚ್ಚುವುದು ಬಿಟ್ಟು ಕರಾಟೆ ಶುರು ಮಾಡಿದ. ನಾನು ಛೀ ಅಂದೆ. ಇಂಥ ಸಿನಿಮಾ ದುಡಿಯುವ ಜನರನ್ನು ಮಲಗಿಸಲಿಕ್ಕೇ ಇರುವುದು ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಕರಪತ್ರದ ಸಾಲು ಒಪ್ಪಿಸಿದೆ. ನೀವು ಸೂಜಿಗೆ ದಾರ ಪೋಣಿಸುತ್ತ ಕೇಳಿದಿರಿ: "ಬೇಟಿ, ಇದನ್ನ ನೋಡ್ಕೋತ ಯಾರರೆ ಮಲಗಿದ್ದು ನೋಡೀಯೇನು?" 

ಕುಸನೂರಿನ ಮೈದಾನದಲ್ಲಿ ನೀವು ನಡೆಸುತ್ತಿದ್ದ ಕರಾಟೆ ಕ್ಲಾಸು ಮುಗಿದ ಮೇಲೆ ನಮ್ಮ ಸಿನಿಮಾದ ಕತೆ ಹೇಳಿದ್ದು ನಾನೇ. ನಂದೂರಿನ ಬೇಳೆ ಗಿರಣಿಯ ಮಾಲೀಕ ಹಗಲಲ್ಲಿ ಮಾಲೀಕ, ಕತ್ತಲಾದರೆ ರಕ್ತಪಿಶಾಚಿ. ಹಮಾಲರ ರಕ್ತವೇ ಅವನ ಊಟ. ಒಬ್ಬ ಹಮಾಲನ ಮಗಳು ಕರಾಟೆ ಕಲಿತು ಅವನನ್ನು ಮುಗಿಸುತ್ತಾಳೆ. ನನ್ನಪ್ಪ ಅಂಥದೇ ಗಿರಣಿಯಲ್ಲಿ ಚೀಲ ಹೊತ್ತು ಧೂಳು ಕುಡಿದು ಕೆಮ್ಮುತ್ತಿದ್ದ; ಕತೆಗೆ ನಾನು ದೂರ ಹೋಗಬೇಕಾಗಿರಲಿಲ್ಲ. ಮಗಳ ಪಾತ್ರ ನನಗೆ. ಪಿಶಾಚಿ ನೀವು. ಕ್ಯಾಮೆರಾ ಅಂದರೆ ನಿಮ್ಮ ಅಣ್ಣನ ಮಗ ಸಲೀಮನ ಫೋನು. ನನ್ನ ಸಂಭಾಷಣೆ ಓದಿಸಿ ಕೇಳಿ ನೀವು ಗಡ್ಡ ತುರಿಸಿಕೊಂಡಿರಿ. "ಪಿಶಾಚಿ ಇವಳ ಭಾಷಣ ಕೇಳೇ ಸಾಯ್ತಾನ. ನಾನು ಒದೀಲಾಕ ಯಾವಾಗ ಬರ್ಲಿ?" ಸಲೀಮ ಬಿದ್ದು ಬಿದ್ದು ನಕ್ಕ. ನಾನು ಎರಡು ದಿನ ಮಾತು ಬಿಟ್ಟೆ.

ಕಮಲಾಪುರದಲ್ಲಿ ನಮ್ಮ ಮಾಮನ ಬಾಳೆತೋಟದಲ್ಲಿ ಶೂಟಿಂಗ್ ಮಾಡಿದ ಸಂಜೆ ಆ ಜಗಳ ಮರೆತೆ. ನಿಲುವಂಗಿಗೆಂದು ನೀವು ತಂದದ್ದು ಹಳೆಯ ವಕೀಲರ ಕರಿ ಗೌನು, ರಿಪೇರಿಗೆ ಕೊಟ್ಟ ಗಿರಾಕಿ ಮರಳಿ ಬಾರದೆ ಉಳಿದಿದ್ದು. ಬಾಯಿಗೆ ಬಳಿದ ರಕ್ತ ಬೆಲ್ಲದ ಪಾಕ. ನೊಣಗಳು ನಿಮ್ಮನ್ನು ಬಿಡಲೇ ಇಲ್ಲ. ಕೆಂಪು ಬಾಳೆಗೊನೆಗಳ ನಡುವಿನಿಂದ ನೀವು ಎಗರಿ ಬೀಳುವಷ್ಟರಲ್ಲಿ ಪಕ್ಕದ ಹೊಲದ ಮುದುಕಿಯೊಬ್ಬಳು ಗೌನು ನೋಡಿ ಬಂದಳು. ತನ್ನ ಹೊಲಕ್ಕೆ ದಾರಿ ಬಿಡುತ್ತಿಲ್ಲವಂತೆ, ಕೇಸು ನೋಡಬೇಕಂತೆ. ನೀವು ಪ್ಲಾಸ್ಟಿಕ್ ಕೋರೆಹಲ್ಲು ಕಿತ್ತು ಅಂಗೈಯಲ್ಲಿಟ್ಟುಕೊಂಡು, "ನಾನು ವಕೀಲ ಅಲ್ಲಬೇ ಯವ್ವಾ. ಮಂದಿ ರಕ್ತ ಕುಡಿಯಾಂವ" ಅಂದಿರಿ.

"ವಕೀಲರ ಬಗ್ಗೆ ಎಲ್ಲಾರೂ ಹಂಗೇ ಅಂತಾರ ಬಿಡ್ರಿ ಸಾಹೇಬ್ರ," ಅಂದಳು ಆಕೆ. "ನೀವು ನಂದು ಮೊದ್ಲ ಕೇಳ್ರಿ."

ನೀವು ಬದುವಿನ ಮೇಲೆ ಕೂತು ಪೂರ್ತಿ ಕೇಳಿದಿರಿ. ಬೆಳಕು ಹೋಯಿತು, ನಮ್ಮ ದೃಶ್ಯ ಹೋಯಿತು; ಮರುವಾರ ಬಂದು ಮತ್ತೆ ತೆಗೆಯಬೇಕಾಯಿತು. ಮರಳಿ ಬರುವಾಗ ಬಸ್ಸಿನಲ್ಲಿ ನಾನು ಕುದಿಯುತ್ತಿದ್ದೆ. ಹೋರಾಟ ಅನ್ನುತ್ತ ತಿರುಗುವವಳು ನಾನು; ಆ ಮುದುಕಿಯ ಹೆಸರು ಕೇಳಿಕೊಂಡವರು ನೀವು. ಇದನ್ನು ನಿಮಗೆ ಯಾವಾಗಲಾದರೂ ಹೇಳಬೇಕೆಂದಿದ್ದೆ.

ನಂದೂರಿನ ಮುಚ್ಚಿದ ಗಿರಣಿಯಲ್ಲಿ, ಬಿದ್ದರೆ ಪೆಟ್ಟಾಗದಿರಲೆಂದು ತೊಗರಿ ಹೊಟ್ಟಿನ ಚೀಲ ಹಾಸಿ ಕೊನೆಯ ಹೊಡೆದಾಟದ ತಾಲೀಮು ಮಾಡುತ್ತಿದ್ದಾಗ ನೀವು ಒಂದೇ ಒಂದು ಕೇಳಿಕೊಂಡಿರಿ: ಸಾಯುವ ಮೊದಲು ಪಿಶಾಚಿ ಒಬ್ಬನೇ ಕೂತಿರುವ ಒಂದು ದೃಶ್ಯ. ಅವನಿಗೂ ಯಾರೂ ಇಲ್ಲವೆಂದು ಗೊತ್ತಾಗಲಿ ಅಂದಿರಿ. ನಾನು ಆಗುವುದಿಲ್ಲ ಅಂದೆ. ರಕ್ತ ಹೀರುವವನಿಗೆ ಕನಿಕರವೇ? ಈಗಲೂ ಆಗುವುದಿಲ್ಲವೆಂದೇ ಹೇಳುತ್ತೇನೆ ಉಸ್ತಾದ್, ನೀವು ಈಗ ಇಲ್ಲವೆಂದು ನಾನು ಮಾತು ಬದಲಿಸಿದರೆ ನಿಮಗೇ ಸೇರುವುದಿಲ್ಲ. ಆದರೆ ಮುಂದಿನ ವಾರ ಮತ್ತೆ ಜಗಳವಾಡೋಣ ಎಂದಿದ್ದವರು ಎದೆನೋವೆಂದು ದವಾಖಾನೆಗೆ ಹೋದಿರಿ. ಅಷ್ಟೇ. ಸಿನಿಮಾದಲ್ಲಿ ಪಿಶಾಚಿ ಸಾಯುವುದೊಂದೇ ಬಾಕಿ ಇತ್ತು.

ನೀವು ತೀರಿಕೊಂಡ ನಲವತ್ತನೇ ದಿನದ ಫಾತೇಹಾ ಮುಗಿದ ಮೇಲೆ ಸಲೀಮ ಮೆಲ್ಲಗೆ ಮಾತು ತೆಗೆದ. ಸಿನಿಮಾ ಅರ್ಧಕ್ಕೆ ಬಿಟ್ಟರೆ ಚಾಚಾ ಫೋನಿನಲ್ಲೇ ಕೊಳೆಯುತ್ತಾರೆ ಅಂದ. ಕ್ಲಾಸಿನ ಎತ್ತರದ ರಾಜುವಿಗೆ ಗೌನು ತೊಡಿಸಿ, ಬೆನ್ನಷ್ಟೇ ತೋರಿಸಿದರೆ ಆಯಿತಲ್ಲ? ನಾನೂ ಒಪ್ಪಿದೆ. ರಾಜು ಚೆನ್ನಾಗಿಯೇ ಒದೆಯುತ್ತಾನೆ. ಆದರೆ ನಿಮ್ಮ ಬಲಮೊಣಕಾಲು ಕೆಟ್ಟಿತ್ತು. ನೀವು ಯಾವಾಗಲೂ ಎಡಗಾಲಲ್ಲಿ ಒದೆಯುತ್ತಿದ್ದಿರಿ, ಅದಕ್ಕೂ ಮುಂಚೆ ಭುಜ ಚೂರು ಇಳಿಯುತ್ತಿತ್ತು. ಆ ಭುಜ ನೋಡಿಯೇ ನಾನು ಬಗ್ಗುವುದು. ರಾಜುವಿನ ಭುಜ ಇಳಿಯಲಿಲ್ಲ. ಅವನ ಕಾಲು ನನ್ನ ಕಿವಿಗೆ ಬಡಿಯಿತು. ಪಾಪ, ಅವನು ನೀರು ತರಲು ಓಡಿದ. ನಾನು ಗಿರಣಿಯ ಹೊಟ್ಟಿನ ಚೀಲಗಳ ಮೇಲೆ ಬಿದ್ದುಕೊಂಡೇ ಇದ್ದೆ. ಕಿವಿ ನೋವಿಗೇ ಅತ್ತೆ ಅಂತ ಅವರೆಲ್ಲ ತಿಳಿದರು.

ಬಿದ್ದುಕೊಂಡಿದ್ದಾಗಲೇ ನೀವು ಕಲಿಸಿದ ಕಾಟಾ ನೆನಪಾಯಿತು. ಎದುರಾಳಿ ಇಲ್ಲದೆ, ಇದ್ದಾನೆಂದು ನಂಬಿ, ಒಬ್ಬರೇ ಆಡುವ ವರಸೆ. ರಕ್ತಪಿಶಾಚಿ ಕನ್ನಡಿಯಲ್ಲಿ ಕಾಣುವುದಿಲ್ಲ ತಾನೆ? ಹಾಗಾದರೆ ಕ್ಯಾಮೆರಾದಲ್ಲಿ ಯಾಕೆ ಕಾಣಬೇಕು? ಸಲೀಮನಿಗೆ ಹೇಳಿದೆ. ರಾಜು ಗೌನು ಬಿಚ್ಚಿ ಮಡಚಿಟ್ಟ. ನಾನು ಖಾಲಿ ಗಿರಣಿಯ ನಡುವೆ ನಿಂತು ನಿಮ್ಮ ಜೊತೆ ಹೊಡೆದಾಡಿದೆ. ಎಲ್ಲಿ ಭುಜ ಇಳಿಯುತ್ತದೆ, ಎಲ್ಲಿ ಮೊಣಕಾಲು ಹಿಡಿದುಕೊಳ್ಳುತ್ತದೆ, ಎಲ್ಲಿ ನೀವು ಬೇಕೆಂದೇ ಎದೆ ತೆರೆದಿಟ್ಟು ನನ್ನನ್ನು ಆಟಕ್ಕೆ ಕರೆಯುತ್ತೀರಿ, ಎಲ್ಲ ಗೊತ್ತಿತ್ತು. ಕೊನೆಯ ಏಟನ್ನು ಆ ತೆರೆದ ಜಾಗಕ್ಕೇ ಹಾಕಿದೆ. ಕೈಗೆ ಏನೂ ತಾಗಲಿಲ್ಲ, ಉಸ್ತಾದ್. ಅದಕ್ಕಿಂತ ದೊಡ್ಡ ನೋವು...

ಏಟು ಮುಗಿದೊಡನೆ ರೂಢಿಯಂತೆ ಮೈ ತಾನೇ ಬಗ್ಗಿತು. ನಮಸ್ಕಾರದಲ್ಲಿ ಗುರು ಮೊದಲು ತಲೆ ಎತ್ತಬೇಕು, ಆಮೇಲೆ ಶಿಷ್ಯರು. ಅದು ನಿಮ್ಮದೇ ಕಟ್ಟಳೆ. ನಾನು ಬಗ್ಗಿದವಳು ಹಾಗೇ ಇದ್ದೆ. ಯಾರು ತಲೆ ಎತ್ತಬೇಕಿತ್ತು? ಸಲೀಮ ಫೋನು ಇಳಿಸಲಿಲ್ಲ. ಕಡೆಗೆ ಎಡಿಟಿಂಗ್‌ಗೆ ಕೂತಾಗ ಅವನೇ ಕೇಳಿದ: "ಅಕ್ಕಾ, ಇದನ್ನ ತೆಗೀಲೇನು? ಮಾಲಕಗ ತಲಿ ಬಗ್ಗಸ್ದಂಗ ಕಾಣ್ತದ." ಹೌದು, ಹಾಗೆ ಕಾಣುತ್ತದೆ. ನನ್ನ ಕರಪತ್ರಗಳೆಲ್ಲ ಅದನ್ನು ತೆಗೆ ಎಂದೇ ಹೇಳುತ್ತವೆ. ಮಾಲೀಕನಿಗೆ ನಾನು ಬಗ್ಗಿಲ್ಲ, ಬಗ್ಗುವುದೂ ಇಲ್ಲ. ಆದರೂ ಇರಲಿ ಅಂದೆ. ತಪ್ಪು ತಿಳಿಯುವವರು ತಿಳಿಯಲಿ.

ಹೋದ ಭಾನುವಾರ ಸಂಜೆ ಕಮಲಾಪುರದಲ್ಲಿ ಮಾಮನ ಮನೆಯಂಗಳದಲ್ಲಿ ಬಿಳಿ ಬೆಡ್‌ಶೀಟ್ ಕಟ್ಟಿ ಸಿನಿಮಾ ತೋರಿಸಿದೆವು. ನೀವು ಗೌನು ಹಾರಿಸಿಕೊಂಡು ಬಾಳೆಗಿಡಗಳ ನಡುವಿನಿಂದ ಜಿಗಿದಾಗ ಮಕ್ಕಳು ಕಿರುಚಿದವು, ದೊಡ್ಡವರು ನಕ್ಕರು. ಯಾರೂ ಮಲಗಲಿಲ್ಲ. ನನ್ನ ಭಾಷಣ ಬಂದಾಗ ಇಬ್ಬರು ಎದ್ದು ನೀರು ಕುಡಿದು ಬಂದರು, ಅದನ್ನೂ ಹೇಳಿಬಿಡುತ್ತೇನೆ. ಕೊನೆಗೆ ಪರದೆಯ ಮೇಲೆ ನಾನೊಬ್ಬಳೇ ಬಗ್ಗಿ ನಿಂತೆ. ನಿಂತೇ ಇದ್ದೆ. ಆಮೇಲೆ ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು: "ಮುಗೀತೇನಬೇ ತಂಗೀ?"

ಸಲೀಮ ನನ್ನ ಕಡೆ ನೋಡಿದ. ಇಷ್ಟು ದಿನ ಆ ಮಾತನ್ನು ಯಾರ ಬಾಯಿಂದಲೂ ನಾನು ಕೇಳಿಸಿಕೊಂಡಿರಲಿಲ್ಲ. ದವಾಖಾನೆಯಲ್ಲೂ ಇಲ್ಲ, ಖಬರಸ್ಥಾನದ ಗೇಟಿನ ಹೊರಗೆ ನಿಂತಾಗಲೂ ಇಲ್ಲ.

"ಹೂಂ ಬೇ," ಅಂದೆ. "ಮುಗೀತು."

ನಿಮ್ಮ
ಸುಜಾತಾ