ಚಿಕ್ಕಮಾದಮ್ಮನ ಮೂರನೇ ಪುಟ

23-9-1968, ಸೋಮವಾರ. ಹನೂರು.

ಇವತ್ತು ಹತ್ತನೇ ಕ್ಲಾಸಿಗೆ ವಿಜ್ಞಾನದ ಉತ್ತರಪತ್ರಿಕೆ ಹಂಚಿದೆ. ಶಾಗ್ಯದ ಚಿಕ್ಕಮಾದಮ್ಮ ಪ್ರತಿ ಪುಟದ ಮೇಲೂ 'ಶ್ರೀ ಮಹದೇಶ್ವರ ಪ್ರಸನ್ನ' ಎಂದು ಬರೆಯುವವಳು. ಜೀವವಿಕಾಸದ ಉತ್ತರವಿದ್ದ ಮೂರನೇ ಪುಟದಲ್ಲಿ ಮಾತ್ರ ಬರೆದಿರಲಿಲ್ಲ. ಉತ್ತರ ಸರಿಯಾಗಿತ್ತು, ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ. ಕರೆದು ಕೇಳಿದೆ.

"ನಮ್ಗೂ ಕೋತಿಗೂ ಒಂದೇ ಮೂಲ ಅಂತ ಬರ್ದಿವ್ನಿ ಸಾ. ಆ ಪುಟ ಮಾದಪ್ಪನ ಕಣ್ಣಿಗೆ ಬೀಳ್ದೆ ಇರ್ಲಿ ಅಂತ."

"ಅದನ್ನ ನೀನು ನಂಬ್ತೀಯಾ?"

"ಯೇಳ್ಕೊಟ್ಟೋರು ನೀವು. ನೀವು ನಂಬಲ್ವಾ ಸಾ?"

ಅಷ್ಟರಲ್ಲಿ ಬೆಲ್ ಹೊಡೆಯಿತು, ಬಚಾವಾದೆ.

ಆಗ ಅವಳ ಭಯಕ್ಕೆ ನಗು ಬಂದಿತ್ತು. ಇಪ್ಪತ್ತು ವರ್ಷದಿಂದ ದಿನಾ ಶ್ರೀಕಾರ ಹಾಕಿಯೇ ದಿನಚರಿ ಶುರುಮಾಡುವವನು ನಾನು. ಈಗ ನೋಡಿದರೆ ಈ ಪುಟದ ಮೇಲೆ ಅದಿಲ್ಲ.