ಜೂನ್ ತಿಂಗಳ ಪರೀಕ್ಷೆ

ಶಿಕಾರಿಪುರ
17-11-2024

ಚಿ. ಸೌ. ಮೀನಾಳಿಗೆ ನಿನ್ನ ದ್ಯಾಮಕ್ಕನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಸೊರಬದಲ್ಲಿ ನೀನು, ಮಾಳೇಶ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. "ಡಿಸೆಂಬರಿನ ತಾರೀಕು ಹೇಳಕ್ಕಾ, ಶಾಲೆಗೆ ರಜೆ ಹಾಕ್ಬೇಕು" ಎಂದು ನೀನು ಫೋನು ಮಾಡಿ ಹದಿನೈದು ದಿನವಾಯಿತು. ಉತ್ತರ ಕೊಡಲಿಲ್ಲವೆಂದು ಬೇಜಾರಾಗಬೇಡ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾಗದ.

ಅಮ್ಮ ಹೋದ ಮೇಲೆ ಜಗಳವಾಡಿಕೊಂಡು ಆರು ವರ್ಷ ನಾವು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಎಂಟು ವರ್ಷದ ಹಿಂದೆ ನನ್ನ ರಕ್ತದಲ್ಲಿ ಇರಬಾರದ ಯಾವುದೋ ಪ್ರೋಟೀನು ಕಂಡಿದೆಯಂತೆ ಎಂಬ ಸುದ್ದಿ ಕೇಳಿ, ಯಾರೂ ಕರೆಯದೆ ನೀನೇ ಓಡಿ ಬಂದೆ. ಶಿವಮೊಗ್ಗದ ಡಾಕ್ಟರ್ ಯತೀಶ್, "ಸದ್ಯಕ್ಕೆ ಇದು ಕಾಯಿಲೆ ಅಲ್ಲ ಕಣ್ರೀ, ಔಷಧಿನೂ ಬೇಡ. ಯಾರಿಗೋ ಒಬ್ಬರಿಗೆ ಮುಂದೆ ಕೆಟ್ಟದ್ದಾಗಿ ತಿರುಗುತ್ತೆ, ಆರು ತಿಂಗಳಿಗೊಮ್ಮೆ ನೋಡ್ತಿರೋಣ" ಅಂದರು. ಅಂದಿನಿಂದ ಜೂನ್, ಡಿಸೆಂಬರ್ ಎರಡೂ ನಮ್ಮದಾದವು. ಬಸ್ಸಿನಲ್ಲಿ ನೀನು ನನ್ನ ಹೆಗಲಿಗೊರಗಿ ನಿದ್ದೆಹೋಗುತ್ತಿದ್ದೆ. ನನಗೆ ಅಷ್ಟೇ ಸಾಕಿತ್ತು.

ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ, ನೀನು ಫೋನು ಬಂತೆಂದು ಹೊರಗೆ ಹೋದಾಗ ಡಾಕ್ಟರು ಹೇಳಿದರು: "ಐದು ವರ್ಷದಿಂದ ಒಂದೇ ಮಟ್ಟದಲ್ಲಿದೆ ನೋಡ್ರಿ. ಇನ್ಮೇಲೆ ವರ್ಷಕ್ಕೊಮ್ಮೆ ಬಂದ್ರೆ ಸಾಕು." ನೀನು ಒಳಗೆ ಬಂದು, "ಏನಂದ್ರು ಅಕ್ಕಾ?" ಅಂದೆ. ನಾನು, "ಜೂನಿಗೆ ಬರ್ಬೇಕಂತೆ" ಅಂದೆ.

ಅಲ್ಲಿಂದ ಮೂರು ಜೂನ್ ಸುಳ್ಳು, ಮೀನಾ. ನಿನ್ನನ್ನು ಹೊರಗೆ ಕೂರಿಸಿ ಒಳಗೆ ಬಿಪಿ ನೋಡಿಸಿಕೊಳ್ಳುತ್ತಿದ್ದೆ. ಮನೆಯಿಂದ ತಂದ ಹತ್ತಿಯನ್ನು ತೋಳಿಗೆ ಅಂಟಿಸಿಕೊಂಡು ಬರುತ್ತಿದ್ದೆ. ನೀನು ಅದನ್ನು ಮೆಲ್ಲಗೆ ಒತ್ತಿ, "ನೋವಾಯ್ತಾ?" ಅನ್ನುತ್ತಿದ್ದೆ. ಪರೀಕ್ಷೆ ತಪ್ಪಿದರೆ ನೀನೂ ತಪ್ಪಿಹೋಗುತ್ತೀಯೆಂದು ಹೆದರಿದ್ದೆ.

ಡಿಸೆಂಬರಿನದು ಮಾತ್ರ ನಿಜ. ಈ ಸಲ ಒಬ್ಬಳೇ ಹೋಗಿಬರುತ್ತೇನೆ, ರಜೆ ಹಾಕಬೇಡ. ಕೋಪ ಇಳಿಯಲು ಎಷ್ಟು ದಿನ ಬೇಕೋ ತೆಗೆದುಕೋ. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನಿನ್ನಂತೆ ಅಂತಃಕರಣದವರಾಗಲಿ.

ಇಂತಿ ನಿನ್ನ ಅಕ್ಕ,
ದ್ಯಾಮಮ್ಮ

ವಿ.ಸೂ.: ಮೇಲೆ ಬರೆಯಲು ಕೈ ಬರಲಿಲ್ಲ. ಈ ಜೂನಿನಲ್ಲಿ ನಿನ್ನ ಬಡ್ತಿಯ ಕೌನ್ಸೆಲಿಂಗ್ ಅದೇ ದಿನ ಬಿದ್ದಿತ್ತು. "ಹೆಡ್‌ಮೇಡಂ ಆಗೋದು ಇದ್ದೇ ಇರುತ್ತಕ್ಕಾ, ಮೊದ್ಲು ನಿನ್ನ ರಕ್ತ" ಎಂದು ನೀನು ಬಸ್ಸು ಹತ್ತಿದೆ. ಈಗ ನಿನಗಿಂತ ಕಿರಿಯಳು ನಿನ್ನ ಶಾಲೆಗೇ ಹೆಡ್‌ಮೇಡಂ ಆಗಿ ಬಂದಿದ್ದಾಳೆಂದು ಮಾಳೇಶ ಹೇಳಿದ. ಅವತ್ತು ಶಿವಮೊಗ್ಗ ಮುಟ್ಟುವವರೆಗೂ ನಿನ್ನ ಪಕ್ಕದಲ್ಲೇ ಕೂತಿದ್ದೆ, ಮೀನಾ. ಇಳಿದು ಹೋಗು ಎನ್ನಲಿಲ್ಲ.