ಎಡಗೈ ಕತ್ತರಿ

ಜುಲೈ 23, ಬುಧವಾರ. ಮಧ್ಯಾಹ್ನ, ಊಟದ ಹೊತ್ತು

ಬೆಳಿಗ್ಗೆಯಿಂದ ಬರೀ ಬ್ಲೌಸ್. ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು, ಕೊಡಿಗೇಹಳ್ಳಿಯ ಹೆಂಗಸರೆಲ್ಲ ಒಟ್ಟಿಗೇ ಎದ್ದು ನಮ್ಮ ಅಂಗಡಿಗೆ ಬಂದ ಹಾಗಿದೆ. ಅಂಗಡಿಯ ಒಡತಿ ಇಂದು ಮೇಡಂ ಯಾರಿಗೂ ಇಲ್ಲ ಅನ್ನುವುದಿಲ್ಲ. ಅನ್ನಬೇಕಾದವರು ನಾವು. ನಮ್ಮನ್ನು ಯಾರು ಕೇಳುತ್ತಾರೆ.

ಕಟಿಂಗ್ ಟೇಬಲ್ ಒಂದು. ಈ ಕಡೆ ನಾನು, ಆ ಕಡೆ ವಿಶ್ವನಾಥ ಮಾಸ್ಟರ್. ಇಬ್ಬರೂ ಎಡಚರು. ಇಬ್ಬರಿಗೂ ಸೇರಿ ಎಡಗೈ ಕತ್ತರಿ ಒಂದೇ — ಅದೂ ಅವರ ಸ್ವಂತದ್ದು. ಅವರು ಕತ್ತರಿಸುವಾಗ ನಾನು ಚಾಕ್ ಹಿಡಿದು ಗೀಟು ಹಾಕುತ್ತೇನೆ, ನಾನು ಕತ್ತರಿಸುವಾಗ ಅವರು. ಕತ್ತರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಅಂತ ನಮ್ಮ ಕಸುಬಿನವರ ನಂಬಿಕೆ. ಹಾಗಾಗಿ ಅವರು ಟೇಬಲ್ ಮೇಲೆ ಇಡುತ್ತಾರೆ, ನಾನು ಎತ್ತಿಕೊಳ್ಳುತ್ತೇನೆ. ಹಿಡಿ ಬೆಚ್ಚಗಿರುತ್ತದೆ. ದಿನವೂ... ಇದನ್ನು ಇಲ್ಲಿ ಬಿಟ್ಟರೆ ಬೇರೆಲ್ಲೂ ಹೇಳುವ ಹಾಗಿಲ್ಲ.

ಹೋದ ವರ್ಷ ಬೈಲಹೊಂಗಲದಿಂದ ಬಂದು ಸೇರಿದಾಗ ನನ್ನ ಹತ್ತಿರ ಇದ್ದದ್ದು ಎಲ್ಲರ ಹಾಗೆ ಬಲಗೈ ಕತ್ತರಿ. ಎಡಗೈಯಲ್ಲಿ ಹಿಡಿದರೆ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ. ಒಂದು ದಿನ ಮಾಸ್ಟರ್ ತಮ್ಮದನ್ನು ನನ್ನ ಕಡೆ ಸರಿಸಿದರು. “ಇದನ್ನ ತಗೋರಿ. ಅದರ ಕೂಡ ಎಷ್ಟಂತ ಕುಸ್ತಿ ಆಡ್ತೀರಿ?” ಅಂದರು. ಅಷ್ಟೇ ಮಾತು. ನಾನು ಅಷ್ಟಕ್ಕೇ ಬಿದ್ದವಳು.

ಜುಲೈ 26, ಶನಿವಾರ

ನೂರ್‌ಜಹಾನ್ ಅಕ್ಕನ ಕತ್ತರಿ ನೆಲಕ್ಕೆ ಬಿದ್ದು ತುದಿ ಮುರಿಯಿತು. ಅಂಗಡಿಯಲ್ಲಿ ಎಲ್ಲರಿಗಿಂತ ಹಳಬಳು ಅವಳು. ಸೊಂಟಕ್ಕೆ ಕೈ ಇಟ್ಟು ನಿಂತುಬಿಟ್ಟಳು.

“ಬಟ್ಟೆ ಗಿರಾಕೀದು. ಮಿಷಿನ್ ಮೇಡಂದು. ಬೋರ್ಡ್ ಮೇಲಿನ ಹೆಸರೂ ಮೇಡಂದು. ಕತ್ತರಿ ಮಾತ್ರ ನಮ್ದಾ? ಯಾವ ನ್ಯಾಯ ಇದು?”

ಮಾಸ್ಟರ್ ಮೆಲ್ಲಗೆ ಅಂದರು: “ಸ್ವಂತ ಕತ್ತರಿ ಇದ್ರ ಬ್ಯಾಡ ಅನಿಸಿದ ದಿನ ಎತ್ಕೊಂಡು ಹೋಗಬಹುದು ಅಕ್ಕಾರ. ಮಾಲಕರು ಕೊಡಿಸಿದ್ರ ಕೈನೂ ಅವರದ ಆಗ್ತೈತಿ.”

“ನೀನು ಹೋಗ್ತೀಯಪ್ಪ, ಒಂಟಿ ಜೀವ. ಮೂರು ಮಕ್ಕಳು ಕಟ್ಕೊಂಡು ನಾನ್ ಎಲ್ಲಿಗ್ ಹೋಗ್ಲಿ?”

ನನ್ನ ಬಾಯಿಗೆ ಬೀಗ ಎಲ್ಲಿದೆ? ಕೆಲಸ ಯಾರದೋ ಕತ್ತರಿಯೂ ಅವರದೇ ಆಗಬೇಕು ಅಂತ ಜೋರಾಗಿಯೇ ಹೇಳಿದೆ. ಸರಿ, ಮೇಡಂ ಹತ್ತಿರ ನೀನೇ ಮಾತಾಡು ಅಂದರು ಎಲ್ಲರೂ. ಬೆಕ್ಕಿಗೆ ಗಂಟೆ ಕಟ್ಟುವವಳು ಸಿಕ್ಕಿದಳು. ಮಾಸ್ಟರ್ ನಕ್ಕರು. ನಕ್ಕಾಗ ಎಡ ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಅದೂ ಎಡಚೇ.

ಜುಲೈ 28, ಸೋಮವಾರ. ಸಂಜೆ

ಸುದ್ದಿ ಮಹಡಿ ಹತ್ತಿದೆ. ಮೇಡಂ ಅತ್ತೆ ಕೃಷ್ಣಮ್ಮನವರು ಹುರುಳಿಕಾಯಿ ನಾರು ತೆಗೆಯುವ ನೆಪದಲ್ಲಿ ಅಂಗಡಿ ಬಾಗಿಲಿಗೆ ಬಂದು ಕೂತರು. ಈ ಬಿಲ್ಡಿಂಗ್ ಇರುವ ಜಾಗ ಅವರ ಹೊಲವಾಗಿತ್ತು.

“ನಮ್ ಒಲದಾಗೆ ಗುದ್ಲಿ ನಾವ್ ಕೊಡ್ತಿದ್ವಿ ಕಣವ್ವ. ಪೈರು ಕುಯ್ಯೋ ಕುಡ್ಲು ಮಾತ್ರ ಕೂಲಿಯೋರೇ ತರೋರು. ಗುದ್ಲಿ ಯಾರ್ ಇಡಿದ್ರೂ ಒಂದೇಯ. ಕುಡ್ಲು ಅಂಗಲ್ಲ, ಕೈಗೆ ಒಗ್ಗಿರ್ಬೇಕು.”

ಮನೆಗೆ ನಡೆಯುವಾಗ ಅದೇ ತಲೆಯಲ್ಲಿ. ಆಗ ಹೊಳೆಯಿತು, ಹೊಳೆದು ಕಾಲು ನಿಂತೇಹೋಯಿತು. ನಾನು ವಾದ ಗೆದ್ದರೆ ಮೇಡಂ ನನಗೂ ಒಂದು ಎಡಗೈ ಕತ್ತರಿ ಕೊಡಿಸುತ್ತಾರೆ. ಆಮೇಲೆ ಅವರದು ಅವರಿಗೆ, ನನ್ನದು ನನಗೆ. ಅವರು ಇಡುವುದೇನು, ನಾನು ಎತ್ತಿಕೊಳ್ಳುವುದೇನು?

ನ್ಯಾಯ ಬೇಕು. ಆ ಬೆಚ್ಚಗಿನ ಹಿಡಿಯೂ ಬೇಕು.

ಆಗಸ್ಟ್ 1, ಶುಕ್ರವಾರ

ಮಾತಾಡಿದೆ. ಮೇಡಂ ಕೆಟ್ಟವರಲ್ಲ. “ನಾನ್ ಕೊಡಿಸಿದ್ರೆ ಯಾರೂ ಜೋಪಾನ ಮಾಡಲ್ಲ ಅಂತ ಭಯ ಅಷ್ಟೆ” ಅಂದರು. “ಮಿಷಿನ್ ನಿಮ್ದೇ ಅಲ್ವಾ ಮೇಡಂ? ದಿನಾ ಎಣ್ಣೆ ಬಿಡೋರು ಯಾರು?” ಅಂದೆ. ನಕ್ಕುಬಿಟ್ಟರು. ಒಪ್ಪಿದರು. ಎಲ್ಲರಿಗೂ ಒಂದೊಂದು ಕತ್ತರಿ, ಸಾಣೆ ಹಿಡಿಸುವ ಖರ್ಚೂ ಅಂಗಡಿಯದೇ. ನೂರ್‌ಜಹಾನ್ ಅಕ್ಕ ನನ್ನ ಗಲ್ಲ ಹಿಡಿದು ಅಲ್ಲಾಡಿಸಿದಳು.

ಆಮೇಲೆ ಮೇಡಂ ಮೊಬೈಲ್ ತೆಗೆದರು. “ಎಡಗೈದು ಅಂಗಡೀಲಿ ಸಿಗಲ್ಲ, ಆರ್ಡರ್ ಹಾಕ್ಬೇಕು. ನಿಂಗೊಂದು. ಮಾಸ್ಟರ್‌ದೂ ಹಳೇದಾಯ್ತು. ಎರಡು ಹಾಕ್ಲಾ?”

“ಬೇಡ ಮೇಡಂ. ಈ ಟೇಬಲ್‌ಗೆ ಎಡಗೈದು ಇರೋದೊಂದೇ ಸಾಕು.”

ಬಾಯಿಂದ ಬಂದೇಹೋಯಿತು. ಅಕ್ಕ ನನಗೆ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದಳು. ಮಾಸ್ಟರ್ ತಲೆ ಬಗ್ಗಿಸಿ ಟೇಪ್ ಸುತ್ತುತ್ತಿದ್ದರು. ಅರ್ಥವಾಯಿತು ಅವರಿಗೆ. ನಾಚಿಕೊಂಡರು, ಪಾಪ.

ಆಗಸ್ಟ್ 5, ಮಂಗಳವಾರ

ಎಲ್ಲರ ಕೈಯಲ್ಲೂ ಹೊಸ ಕತ್ತರಿ. ನಮ್ಮ ಟೇಬಲ್ ಮೇಲೆ ಮಾತ್ರ ಹಳೆಯದು. ಮಾಸ್ಟರ್ ಮಾತು ಕಡಿಮೆ ಮಾಡಿದ್ದಾರೆ. ಹಬ್ಬದ ಕೆಲಸದ ಸುಸ್ತು ಇರಬೇಕು. ನಾನು ಮಾತ್ರ ಸುಮ್ಮಸುಮ್ಮನೆ ಗುನುಗುತ್ತಿದ್ದೇನಂತೆ, ಅಕ್ಕ ಬೈದಳು.

ಆಗಸ್ಟ್ 12, ಮಂಗಳವಾರ

ಏನು ಮಾಡಿಬಿಟ್ಟೆ.

ಮೇಡಂ ಅವರ ತಮ್ಮ ನಾಗಭೂಷಣ ನಾಗಸಂದ್ರದಲ್ಲಿ ಸ್ಕೂಲ್ ಯೂನಿಫಾರಂ ಹೊಲಿಸುವ ಶೆಡ್ ಹಾಕಿದ್ದಾರೆ. ಕಟಿಂಗ್ ಮಾಸ್ಟರ್ ಬೇಕಂತೆ. ಮೇಡಂ ವಿಶ್ವನಾಥ ಮಾಸ್ಟರನ್ನು ಕಳಿಸುತ್ತಿದ್ದಾರೆ.

“ನೀನೇ ದಾರಿ ತೋರಿಸ್ದೆ ಕೀರ್ತಿ. ಒಂದೇ ಸಾಕು ಅಂದ್ಯಲ್ಲ, ಯೋಚ್ನೆ ಮಾಡ್ದೆ. ಕತ್ತರಿ ಒಂದು ಅಂದ್ರೆ ಒಂದ್ ಹೊತ್ತಿಗೆ ಕತ್ತರಿಸೋ ಕೈನೂ ಒಂದೇ. ಹಬ್ಬಾನೂ ಆಯ್ತು. ಇಬ್ರು ಇಲ್ಯಾಕೆ?”

ತಪ್ಪು ಹುಡುಕೋಣವೆಂದರೆ ಆ ಮಾತಿನಲ್ಲಿ ತಪ್ಪಿಲ್ಲ. ಮಾಸ್ಟರ್ “ಆತ್ರಿ ಮೇಡಂ” ಅಂದರು. ನನ್ನ ಕಡೆ ತಿರುಗಲೂ ಇಲ್ಲ.

ಆಗಸ್ಟ್ 16, ಶನಿವಾರ

ಹೋದರು. ಟೇಪ್, ಸ್ಕೇಲ್, ಟಿಫಿನ್ ಡಬ್ಬಿ ಎಲ್ಲ ಬ್ಯಾಗಿಗೆ ಹಾಕಿಕೊಂಡರು. ಕತ್ತರಿ ಟೇಬಲ್ ಮೇಲೇ ಇತ್ತು.

“ಮಾಸ್ಟರ್, ನಿಮ್ಮ ಕತ್ತರಿ...”

“ಇರಲಿ. ಒಂದ ಸಾಕಲ್ಲ ನಿಮಗ.”

ದರ್ಜಿ ತನ್ನ ಕತ್ತರಿ ಬಿಟ್ಟು ಹೋಗುವುದನ್ನು ನಾನು ಎಲ್ಲೂ ಕಂಡಿಲ್ಲ. ಯಾಕೆ ಬಿಟ್ಟರು? ಆ ದನಿಯಾದರೂ ಯಾಕೆ ಹಾಗಿತ್ತು? ಹಿಂದೆ ಓಡಬೇಕಿತ್ತು. ಗಿರಾಕಿ ಒಬ್ಬರು ತೋಳಿನ ಅಳತೆ ಹಿಡಿದು ನಿಂತಿದ್ದರು.

ಆಗಸ್ಟ್ 18, ಸೋಮವಾರ

ಹಿಡಿ ತಣ್ಣಗಿದೆ.

ಆಗಸ್ಟ್ 31, ಭಾನುವಾರ

ಗೌರಿ ಬಂದಳು, ಗಣಪ ಬಂದ. ಇಲ್ಲಿ ಬರೆಯಲು ಏನೂ ಇರಲಿಲ್ಲ. ಟೇಬಲ್ ಪೂರ್ತಿ ನನ್ನದೇ. ಆದರೂ ನನ್ನ ಅರ್ಧ ದಾಟಿ ಬಟ್ಟೆ ಹಾಸುವುದಿಲ್ಲ. ಕತ್ತರಿಸಿ ಮುಗಿದ ಮೇಲೆ ಕತ್ತರಿಯನ್ನು ಆ ಕಡೆಗೇ ಇಡುತ್ತೇನೆ. ಇಟ್ಟು ನಾನೇ ಸುತ್ತಿಬಂದು ಎತ್ತಿಕೊಳ್ಳುತ್ತೇನೆ. ಹುಚ್ಚು ಇನ್ನೇನು. ಅವರು ಬೇಕು ನನಗೆ. ಸುಮ್ಮನೆ ಎದುರಿಗೆ ನಿಂತು ಚಾಕ್ ಎಳೆಯುತ್ತಿದ್ದರೂ ಸಾಕಿತ್ತು.

ಸೆಪ್ಟೆಂಬರ್ 9, ಮಂಗಳವಾರ

ನೂರ್‌ಜಹಾನ್ ಅಕ್ಕನ ತಂಗಿ ಸಬೀರಾ ಮನೆ ನಾಗಸಂದ್ರದಲ್ಲೇ. ಭಾನುವಾರ ಅಲ್ಲಿಗೆ ಹೋದ ಅಕ್ಕ ಮಾಸ್ಟರನ್ನು ನೋಡಿಬಂದಿದ್ದಾಳೆ. ಊಟದ ಹೊತ್ತಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದಳು.

“ಯಾಕೆ ಹಂಗೆ ಮಾಡ್ದೆ ನೀನು? ಟೇಬಲ್ ಒಬ್ಬಳಿಗೇ ಬೇಕಾಗಿತ್ತಾ?”

“ಯಾರು ಹೇಳಿದ್ದು?”

“ಅವನೇ. ‘ನಾ ಇರೋದು ಆಕಿಗೆ ಬ್ಯಾಡ ಆಗಿತ್ತು ಅಕ್ಕಾರ, ಅದಕ್ಕ ಒಂದ ಸಾಕು ಅಂದ್ಳು’ ಅಂದ. ಅಲ್ಲಿ ಯಾರದೋ ಬಲಗೈ ಕತ್ತರೀಲಿ ದಪ್ಪ ಬಟ್ಟೆ ಕೊಯ್ತಾ ಇದಾನೆ. ಹೆಬ್ಬೆರಳು ಊದ್ಕೊಂಡು ಬದನೆಕಾಯಿ ಆಗಿದೆ. ಆ ಶೆಡ್ಡಲ್ಲಿ ಕತ್ತರಿ ಅವರವರೇ ತರಬೇಕಂತೆ.”

ಡಬ್ಬಿ ಮುಚ್ಚಿಬಿಟ್ಟೆ. ಆವತ್ತು ತಲೆ ಬಗ್ಗಿಸಿದ್ದು ನಾಚಿಕೆಗಲ್ಲ. ನಾನು ನಾಚಿಕೆ ಅಂದುಕೊಂಡು ಗುನುಗಿಕೊಂಡು ಓಡಾಡಿದೆ. ತಮ್ಮದೇ ಕತ್ತರಿಯನ್ನು ನನಗೆ ಬಿಟ್ಟು, ಅಲ್ಲಿ ಬೆರಳು ತೇಯುತ್ತಿದ್ದಾರೆ.

ಸೆಪ್ಟೆಂಬರ್ 10, ಬುಧವಾರ

ಎಲ್ಲರೆದುರಿಗೇ ಮೇಡಂಗೆ ಹೇಳಿದೆ. “ಆವತ್ತು ಒಂದೇ ಸಾಕು ಅಂದಿದ್ದು ಸುಳ್ಳು ಮೇಡಂ. ಎಡಗೈದು ಎರಡು ಬೇಕು. ಮಾಸ್ಟರ್‌ನ ವಾಪಸ್ ಕರೆಸಿ.”

“ಮತ್ತೆ ಯಾಕೆ ಹಂಗಂದೆ?”

“ಎರಡಾದ್ರೆ... ಅವರು ನಂಗೆ ಕತ್ತರಿ ಕೊಡೋದು ನಿಂತೋಗುತ್ತೆ ಅಂತ.”

ಮಿಷಿನ್‌ಗಳೆಲ್ಲ ನಿಂತವು. ಬಾಗಿಲಲ್ಲಿ ಕೂತಿದ್ದ ಕೃಷ್ಣಮ್ಮನವರೇ ಮೊದಲು ಬಾಯಿ ಬಿಟ್ಟರು. “ಉಚ್ಚು ಮುಂಡೇದೆ! ಇದನ್ನ ಅವನಿಗ್ ಏಳೋದ್ ಬಿಟ್ಟು ನನ್ ಸೊಸೆಗ್ಯಾಕ್ ಏಳ್ತಿದೀಯ?”

ಮೇಡಂ ಆರ್ಡರ್ ಹಾಕಿದರು. “ಅವ್ರು ಬರ್ತೀನಿ ಅಂದ್ರೆ ಬರ್ಲಿ, ತಮ್ಮನ ಹತ್ರ ನಾನ್ ಮಾತಾಡ್ತೀನಿ. ಕೇಳೋ ಕೆಲ್ಸ ಮಾತ್ರ ನಿಂದು.”

ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ, ಯಶವಂತಪುರ ಮೆಟ್ರೋ ಕೆಳಗೆ

ಕತ್ತರಿಯನ್ನು ಹಳೆಯ ಬ್ಲೌಸ್ ಪೀಸಿನಲ್ಲಿ ಸುತ್ತಿಕೊಂಡು ಹೊರಟೆ. ನಾಗಸಂದ್ರಕ್ಕೆ ಮೆಟ್ರೋ ಹತ್ತೋಣವೆಂದರೆ ಚೆಕಿಂಗ್‌ನಲ್ಲಿ ಬ್ಯಾಗ್ ಹಿಡಿದರು. ಕತ್ತರಿ ಒಳಗೆ ಬಿಡುವುದಿಲ್ಲವಂತೆ. ಕಸುಬಿನದು ಅಂದೆ, ಕೇಳಲಿಲ್ಲ. ಇಟ್ಟು ಹೋಗಿ ಅಂದರು. ಇಟ್ಟು ಹೋಗುವುದಾದರೆ ಯಾಕೆ ಹೋಗಲಿ?

ಕೆಳಗಿಳಿದು ಮಾಸ್ಟರ್‌ಗೆ ಫೋನ್ ಮಾಡಿ, ಕತ್ತರಿ ತಂದು ಯಶವಂತಪುರದಲ್ಲೇ ಸಿಕ್ಕಿಕೊಂಡಿದ್ದೇನೆ ಅಂದೆ. ಅವರು ಹೋದ ಮೇಲೆ ಇದೇ ಮೊದಲು.

“ಅದನ್ನ ಯಾಕ ತಂದ್ರಿ?”

“ನಿಮ್ಮದು ನಿಮಗ ಕೊಡಾಕ. ಮತ್ತ ಒಂದು ಮಾತು ಹೇಳೂದೈತಿ. ನೀವು ತಿಳ್ಕೊಂಡಿದ್ದು ಖರೇ ಅಲ್ಲ.”

ಶೆಡ್ಡಿನ ಸದ್ದು ದೂರವಾಯಿತು, ಹೊರಗೆ ಬಂದರೇನೋ. ಆಮೇಲೆ: “ಅಲ್ಲೇ ಇರ್ರಿ. ಬರ್ತೀನಿ.”

ಮೆಟ್ಟಿಲ ಪಕ್ಕ ಕೂತಿದ್ದೇನೆ. ಸುಮ್ಮನಿದ್ದರೆ ಎದ್ದು ಓಡಿಹೋಗುತ್ತೇನೆ ಅನ್ನಿಸಿ ಬರೆಯುತ್ತಿದ್ದೇನೆ. ಟ್ರೈನ್ ಬಂದಾಗಲೆಲ್ಲ ಜನ ಇಳಿಯುತ್ತಾರೆ, ನಾನು ಕತ್ತೆತ್ತುತ್ತೇನೆ. ಏನು ಹೇಳಬೇಕೆಂದು ಬಸ್ಸಿನಲ್ಲೆಲ್ಲ ಜೋಡಿಸಿಕೊಂಡಿದ್ದೆ. ಮೇಡಂ ಮುಂದೆ ಅಷ್ಟು ವಾದ ಮಾಡಿದ ಬಾಯಿ ಇದು. ಈಗ ಒಣಗಿ ಕೂತಿದೆ.

ಬಂದರು. ಸೊರಗಿದ್ದಾರೆ. ಗುಂಪಿನಲ್ಲಿ ಹುಡುಕುತ್ತಿದ್ದಾರೆ, ಇನ್ನೂ ನನ್ನನ್ನು ಕಂಡಿಲ್ಲ. ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ. ನನ್ನ ಒಂದು ಮಾತು ಮಾಡಿದ ಗಾಯ. ಜೋಡಿಸಿಕೊಂಡಿದ್ದೆಲ್ಲ ಮರೆತೇಹೋಯಿತು. ಈಗ ಕಂಡರು. ಮೊದಲು ಕತ್ತರಿ ತೆಗೆಯಲೋ, ಇಲ್ಲ ನೇರವಾಗಿ ನೀವೇ ಬೇಕು ಅಂತ...